ಫೋನ್ ನಮ್ಮದು, ಮೇಲ್ ಅವರದು

ಹೊಸ ಫೋನ್ ತಗೊಳ್ಳುವಾಗ ನಮ್ಮ ಸ್ಟ್ರಿಂಗರ್ ಬಳಗದಲ್ಲಿ ಮೊದಲು ಬರುವ ಪ್ರಶ್ನೆ ಕ್ಯಾಮೆರಾದ್ದು. ಎರಡನೆಯದು ಬ್ಯಾಟರಿ, ಮೂರನೆಯದು ಇಎಂಐ. ಅದರಲ್ಲಿ ತಪ್ಪೇನೂ ಇಲ್ಲ. ಫೋಟೊ, ಬೈಟ್, ಲೈವ್ ಎಲ್ಲವೂ ಆ ಒಂದು ಫೋನಿನಿಂದಲೇ ಆಗಬೇಕು, ಅದರ ದುಡ್ಡೂ ನಮ್ಮ ಜೇಬಿನಿಂದಲೇ ಹೋಗಬೇಕು. ಆದರೆ ಈಚೆಗೆ ನಾಲ್ಕನೆಯ ಪ್ರಶ್ನೆಯೊಂದು ಸೇರಿಕೊಂಡಿದೆ: ಕಚೇರಿಯ ಮೇಲ್, ಕ್ಯಾಲೆಂಡರ್ ಇದರಲ್ಲಿ ಸರಿಯಾಗಿ ಸಿಂಕ್ ಆಗುತ್ತಾ?

ಮೊದಲು ಡೆಸ್ಕಿನಿಂದ ಒಂದು ಫೋನ್ ಬಂದರೆ ಮುಗಿಯುತ್ತಿತ್ತು. ಆಮೇಲೆ ವಾಟ್ಸ್ಆ್ಯಪ್ ಗುಂಪು ಬಂತು. ಈಗ ನಮ್ಮಲ್ಲಿ ಕೆಲವರಿಗೆ ಸಂಸ್ಥೆಯ ಹೆಸರಿರುವ ಮೇಲ್ ಐಡಿ ಸಿಕ್ಕಿದೆ. ಅಸೈನ್‌ಮೆಂಟ್ ಕ್ಯಾಲೆಂಡರ್ ಆಹ್ವಾನವಾಗಿ ಬರುತ್ತದೆ, ಸಂಪಾದಕೀಯ ಸಭೆ ವಿಡಿಯೊದಲ್ಲಿ ನಡೆಯುತ್ತದೆ, ತಿಂಗಳ ಬಿಲ್ಲನ್ನೂ ಮೇಲ್‌ನಲ್ಲೇ ಕಳಿಸಬೇಕು. ಸುದ್ದಿಯ ಲೆಕ್ಕದಲ್ಲಿ ಕಾಸು ಪಡೆಯುವ ನಮಗೆ ಮೇಲ್ ಒಂದು ಗಂಟೆ ತಡವಾಗಿ ಬಂತೆಂದರೆ ಆ ಸುದ್ದಿ ಇನ್ನೊಬ್ಬರ ಪಾಲಾಯಿತು ಎಂದೇ ಅರ್ಥ. ಜಿಲ್ಲಾ ಪಂಚಾಯಿತಿ ಸಭಾಂಗಣದಲ್ಲಿ ಕೆಡಿಪಿ ಸಭೆ ಹನ್ನೊಂದಕ್ಕೆ, ಡೆಸ್ಕಿನ ಸಭೆಯೂ ಹನ್ನೊಂದಕ್ಕೆ ಎಂದಾದರೆ ಅದು ಹಿಂದಿನ ರಾತ್ರಿಯೇ ಗೊತ್ತಾಗಬೇಕು.

ಹಾಗಾಗಿ ಅಂಗಡಿಗೆ ಹೋಗುವ ಮೊದಲು ಕಚೇರಿಗೆ ಒಂದು ಫೋನ್ ಮಾಡಿ, ಮೇಲ್ ಯಾವ ವ್ಯವಸ್ಥೆಯಲ್ಲಿದೆ ಎಂದು ಕೇಳಿಕೊಳ್ಳಿ. ಗೂಗಲ್ ವರ್ಕ್‌ಸ್ಪೇಸ್ ಆಗಿದ್ದರೆ ಯಾವ ಆಂಡ್ರಾಯ್ಡ್ ಫೋನಿನಲ್ಲೂ ಹೆಚ್ಚು ತಲೆನೋವಿಲ್ಲ. ಮೈಕ್ರೋಸಾಫ್ಟ್‌ನ ಎಕ್ಸ್‌ಚೇಂಜ್ ಆಗಿದ್ದರೆ ಔಟ್‌ಲುಕ್ ಆ್ಯಪ್ ಬೇಕಾಗಬಹುದು, ಜಿಮೇಲ್ ಆ್ಯಪಿನಲ್ಲೂ ಆ ಖಾತೆ ಸೇರಿಸಬಹುದು. ಬರೀ ಐಮ್ಯಾಪ್ ಎಂದರೆ ಎಚ್ಚರ ವಹಿಸಿ. ಐಮ್ಯಾಪ್ ತರುವುದು ಮೇಲ್ ಮಾತ್ರ, ಕ್ಯಾಲೆಂಡರ್ ತರುವುದಿಲ್ಲ. ಕ್ಯಾಲೆಂಡರಿಗೆ ಕ್ಯಾಲ್‌ಡ್ಯಾವ್ ಎಂಬ ಬೇರೆ ದಾರಿ ಇದೆ. ಐಫೋನಿನಲ್ಲಿ ಅದು ಮೊದಲೇ ಇರುತ್ತದೆ, ಆಂಡ್ರಾಯ್ಡ್‌ನಲ್ಲಿ ಅದಕ್ಕೆಂದೇ ಇನ್ನೊಂದು ಆ್ಯಪ್ ಹಾಕಿಕೊಳ್ಳಬೇಕು.

ಸೆಕೆಂಡ್ ಹ್ಯಾಂಡ್ ಫೋನ್ ನೋಡುವವರು ಆಂಡ್ರಾಯ್ಡ್ ಆವೃತ್ತಿಯನ್ನು ಮೊದಲು ನೋಡಿ. ಔಟ್‌ಲುಕ್ ಆ್ಯಪ್ ಆಂಡ್ರಾಯ್ಡ್‌ನ ಕೊನೆಯ ನಾಲ್ಕು ಮುಖ್ಯ ಆವೃತ್ತಿಗಳಿಗೆ ಮಾತ್ರ ಬೆಂಬಲ ಕೊಡುತ್ತದೆ. 2022ರ ಅಕ್ಟೋಬರ್ 1ರಿಂದ ಮೈಕ್ರೋಸಾಫ್ಟ್ ತನ್ನ ಎಕ್ಸ್‌ಚೇಂಜ್ ಆನ್‌ಲೈನ್‌ನಲ್ಲಿ ಬರೀ ಹೆಸರು, ಪಾಸ್‌ವರ್ಡ್ ಕೊಟ್ಟು ಒಳಗೆ ಹೋಗುವ ಹಳೆಯ ವಿಧಾನವನ್ನು ನಿಲ್ಲಿಸುತ್ತಾ ಬಂತು. ಹೊಸ ವಿಧಾನ ಗೊತ್ತಿಲ್ಲದ ಹಳೆಯ ಮೇಲ್ ಆ್ಯಪ್‌ಗಳು ಅಲ್ಲಿಗೆ ಕೈಬಿಟ್ಟವು. ಕಚೇರಿ ಮೇಲ್‌ಗೆಂದೇ ಹೆಸರಾಗಿದ್ದ ಬ್ಲ್ಯಾಕ್‌ಬೆರಿಯ ಕಥೆಯೂ ಅಷ್ಟೇ. ಅದರ ಹಳೆಯ ಫೋನುಗಳಿಗೆ ಕಂಪನಿ 2022ರ ಜನವರಿ 4ರಂದು ಸೇವೆ ನಿಲ್ಲಿಸಿತು. ಫೋನ್ ಗಟ್ಟಿಮುಟ್ಟಾಗಿದ್ದರೂ ಅಪ್‌ಡೇಟ್ ನಿಂತ ಮೇಲೆ ಈ ಕೆಲಸಕ್ಕೆ ಅದು ಹೆಚ್ಚು ದಿನ ಬರುವುದಿಲ್ಲ.

ಹೊಸ ಫೋನಿನಲ್ಲೂ ಒಂದು ತೊಡಕಿದೆ. ಬ್ಯಾಟರಿ ಉಳಿಸಲು 2015ರ ಆಂಡ್ರಾಯ್ಡ್ 6ರಲ್ಲಿ ಡೋಜ್ ಎಂಬ ವ್ಯವಸ್ಥೆ ಬಂತು. ಫೋನ್ ಸುಮ್ಮನೆ ಬಿದ್ದಿದ್ದರೆ ಆ್ಯಪ್‌ಗಳನ್ನೂ ಅದು ಮಲಗಿಸುತ್ತದೆ. ಕೆಲವು ಕಂಪನಿಗಳು ಅದರ ಮೇಲೆ ತಮ್ಮದೇ ಇನ್ನಷ್ಟು ಬಿಗಿಯನ್ನು ಸೇರಿಸಿವೆ. ಅಂಥ ಫೋನುಗಳಲ್ಲಿ ಮೇಲ್ ಬಂದಿದ್ದರೂ ನಾವು ಆ್ಯಪ್ ತೆರೆದಾಗಲೇ ಅದು ಸದ್ದು ಮಾಡುವುದು. ಕೊಂಡ ದಿನವೇ ಮೇಲ್ ಮತ್ತು ಕ್ಯಾಲೆಂಡರ್ ಆ್ಯಪ್‌ಗಳ ಬ್ಯಾಟರಿ ಸೆಟ್ಟಿಂಗ್ ತೆರೆದು ನಿರ್ಬಂಧ ತೆಗೆಯಿರಿ. ಆಟೋಸ್ಟಾರ್ಟ್ ಎಂಬ ಆಯ್ಕೆ ಇದ್ದರೆ ಅದನ್ನೂ ಆನ್ ಮಾಡಿ. ಆಮೇಲೆ ಸ್ಕ್ರೀನ್ ಆರಿಸಿ ಒಂದು ಗಂಟೆ ಫೋನ್ ಮುಟ್ಟದೆ ಬಿಡಿ, ಬೇರೆ ಫೋನಿನಿಂದ ಒಂದು ಮೇಲ್ ಕಳಿಸಿ. ಸದ್ದು ಬಂತೋ ಇಲ್ಲವೋ ನೋಡಿ. ಅಂಗಡಿಯವನ ಮಾತಿಗಿಂತ ಈ ಪರೀಕ್ಷೆಯೇ ನಂಬಿಕಸ್ಥ.

ನಮ್ಮ ಚಾಮರಾಜನಗರ ಜಿಲ್ಲೆಯಲ್ಲಿ ಕೆಲಸ ಮಾಡುವವರಿಗೆ ಇನ್ನೊಂದು ಲೆಕ್ಕವೂ ಬೇಕು. ಹನೂರು ದಾಟಿ ಮಲೆ ಮಹದೇಶ್ವರ ಬೆಟ್ಟದ ಕಾಡಿನ ದಾರಿ ಹಿಡಿದರೆ ಸಿಗ್ನಲ್ ಬಂದು ಹೋಗುತ್ತಿರುತ್ತದೆ. ಫೋನಿಗೆ ಒಮ್ಮೆ ಇಳಿದ ಕ್ಯಾಲೆಂಡರ್ ನೆಟ್‌ವರ್ಕ್ ಇಲ್ಲದಿದ್ದರೂ ಹೊತ್ತಿಗೆ ಸರಿಯಾಗಿ ನೆನಪಿಸುತ್ತದೆ. ಮೇಲ್‌ಗೆ ಲಗತ್ತಿಸಿದ ಫೈಲು ಹಾಗಲ್ಲ, ಅದನ್ನು ಹೊರಡುವ ಮೊದಲೇ ಇಳಿಸಿಟ್ಟುಕೊಳ್ಳಬೇಕು. ಆ ಫೈಲು ನುಡಿಯ ಹಳೆಯ ಫಾಂಟಿನಲ್ಲಿದ್ದರೆ ಫೋನಿನಲ್ಲಿ ಕನ್ನಡದ ಬದಲು ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಕಾಣುತ್ತದೆ. ಅದು ಫೋನಿನ ದೋಷವಲ್ಲ. ಯೂನಿಕೋಡ್‌ನಲ್ಲಿ ಕಳಿಸಿ ಎಂದು ಡೆಸ್ಕಿಗೆ ಹೇಳಬೇಕು, ಅಷ್ಟೆ.

ಇಷ್ಟೆಲ್ಲ ಸರಿಹೋದ ಮೇಲೆ ಬರುವ ಪ್ರಶ್ನೆಯೇ ನಿಜಕ್ಕೂ ದೊಡ್ಡದು. ಎಕ್ಸ್‌ಚೇಂಜ್ ಖಾತೆಯನ್ನು ಫೋನಿಗೆ ಸೇರಿಸುವಾಗ ಒಂದು ಅನುಮತಿ ಕೇಳಬಹುದು: ಈ ಸರ್ವರಿಗೆ ನಿಮ್ಮ ಫೋನಿನ ಮೇಲೆ ಅಧಿಕಾರ ಕೊಡುತ್ತೀರಾ ಎಂದು. ಆ ಪಟ್ಟಿಯಲ್ಲಿ ಫೋನಿನಲ್ಲಿರುವ ಎಲ್ಲವನ್ನೂ ಅಳಿಸುವ ಅಧಿಕಾರವೂ ಇರುತ್ತದೆ. ಕಳುವಾದ ಫೋನಿನಿಂದ ಕಂಪನಿಯ ಗುಟ್ಟು ಹೊರಗೆ ಹೋಗದಿರಲಿ ಎಂದು ಮಾಡಿದ ವ್ಯವಸ್ಥೆ ಅದು. ಫೋನ್ ಕಂಪನಿಯದ್ದಾಗಿದ್ದರೆ ಅದು ನ್ಯಾಯವೇ. ಆದರೆ ಇಲ್ಲಿ ಫೋನ್ ನಮ್ಮದು, ಕಂತು ಕಟ್ಟುವವರು ನಾವು. ಅದರೊಳಗೆ ಮಗುವಿನ ಫೋಟೊ ಇದೆ, ಬ್ಯಾಂಕಿನ ಆ್ಯಪ್ ಇದೆ, ಕ್ವಾರಿ ವಿಚಾರ ಹೇಳಿದ ಹಳ್ಳಿಯವರ ನಂಬರ್ ಇದೆ.

ಇದು ಬರೀ ಊಹೆಯ ಭಯವಲ್ಲ. ನಮ್ಮಲ್ಲೊಬ್ಬರನ್ನು ಒಂದು ಸಂಸ್ಥೆ ಯಾವ ಮುನ್ಸೂಚನೆಯೂ ಇಲ್ಲದೆ ಕೈಬಿಟ್ಟಿತು. ಅವರ ಮೇಲ್ ಐಡಿ ಅಂದೇ ಬಂದಾಯಿತು. ಕಚೇರಿ ಖಾತೆಯಲ್ಲಿ ಸೇವ್ ಆಗಿದ್ದ ನಂಬರುಗಳು ಖಾತೆಯ ಜೊತೆಗೇ ಫೋನಿನಿಂದ ಹೋದವು. ಯಾವ ದಿನ ಯಾವ ಸಭೆಗೆ ಹೋಗಿದ್ದೆವು ಎಂಬ ಕ್ಯಾಲೆಂಡರ್ ದಾಖಲೆಯೂ ಹೋಯಿತು. ಬಾಕಿ ಹಣ ಕೇಳಲು ಅವರ ಕೈಯಲ್ಲಿದ್ದ ಪುರಾವೆ ಅದೊಂದೇ. ನಂಬರನ್ನು ಮತ್ತೆ ಹುಡುಕಿಕೊಳ್ಳಬಹುದು. ಆದರೆ ನಂಬಿ ನಂಬರ್ ಕೊಟ್ಟವರ ಹೆಸರು ಯಾರದೋ ಸರ್ವರಿನಲ್ಲಿ ಉಳಿದುಬಿಟ್ಟರೆ ಅದಕ್ಕೆ ಯಾರು ಹೊಣೆ?

ಅದಕ್ಕೇ ನಾವು ಕೆಲವರು ಈ ರೀತಿ ಮಾಡಿಕೊಂಡಿದ್ದೇವೆ. ಎಕ್ಸ್‌ಚೇಂಜ್ ಖಾತೆಯನ್ನು ಫೋನಿನ ಸೆಟ್ಟಿಂಗಿನಲ್ಲಿ ಸೇರಿಸುವುದಿಲ್ಲ, ಔಟ್‌ಲುಕ್ ಆ್ಯಪಿನಲ್ಲಿ ಮಾತ್ರ ಇಟ್ಟುಕೊಳ್ಳುತ್ತೇವೆ. ಎಕ್ಸ್‌ಚೇಂಜ್‌ನಿಂದ ಅಳಿಸುವ ಆದೇಶ ಬಂದರೆ ಔಟ್‌ಲುಕ್ ಒಳಗಿನದು ಮಾತ್ರ ಹೋಗುತ್ತದೆ, ಉಳಿದ ಫೋನ್ ಹಾಗೇ ಇರುತ್ತದೆ. ಆಡಳಿತದ ನಿಯಂತ್ರಣ ಬೇಕೇ ಬೇಕು ಎಂದು ಕಚೇರಿ ಹಟ ಹಿಡಿದರೆ ವರ್ಕ್ ಪ್ರೊಫೈಲ್ ಕೊಡಿ ಎನ್ನುತ್ತೇವೆ. ಆಂಡ್ರಾಯ್ಡ್ 5ರಿಂದಲೇ ಇರುವ ಈ ವ್ಯವಸ್ಥೆ ಒಂದೇ ಫೋನಿನಲ್ಲಿ ಕಚೇರಿಗೊಂದು, ನಮಗೊಂದು ಕೋಣೆ ಮಾಡಿಕೊಡುತ್ತದೆ. ಕಚೇರಿ ತನ್ನ ಕೋಣೆ ಖಾಲಿ ಮಾಡಿದರೂ ನಮ್ಮದು ಉಳಿಯುತ್ತದೆ. ಹೊಸ ನಂಬರ್ ಸೇವ್ ಮಾಡುವಾಗ ಮೇಲ್ಗಡೆ ಯಾವ ಖಾತೆಯ ಹೆಸರಿದೆ ಎಂದು ನೋಡಿಯೇ ಸೇವ್ ಒತ್ತುತ್ತೇವೆ. ಗುಟ್ಟಾಗಿ ಮಾಹಿತಿ ಕೊಡುವವರ ಹೆಸರು ಕಚೇರಿ ಕ್ಯಾಲೆಂಡರಿನಲ್ಲಿ ಬರುವಂತಿಲ್ಲ. ಅಲ್ಲಿ 'ಕೊಳ್ಳೇಗಾಲ, ಮಧ್ಯಾಹ್ನ 3' ಎಂದಿದ್ದರೆ ಸಾಕು. ಮಾಡಿದ ಕೆಲಸದ ಪಟ್ಟಿಯನ್ನು ತಿಂಗಳ ಕೊನೆಗೆ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತೇವೆ. ಅದಕ್ಕೆ ಚಾರ್ಜೂ ಬೇಡ, ಪಾಸ್‌ವರ್ಡೂ ಬೇಡ.

ಈ ಎಲ್ಲ ಸೌಲಭ್ಯಕ್ಕೆ ಮೂವತ್ತು ನಲವತ್ತು ಸಾವಿರದ ಫೋನ್ ಬೇಕಿಲ್ಲ. ಸೆಕ್ಯೂರಿಟಿ ಅಪ್‌ಡೇಟ್ ಇನ್ನೂ ಎಷ್ಟು ವರ್ಷ ಬರುತ್ತದೆ ಎಂದು ಕಂಪನಿ ಸ್ಪಷ್ಟವಾಗಿ ಹೇಳಿರುವ, ಬ್ಯಾಟರಿ ನಿರ್ಬಂಧ ತೆಗೆಯಲು ಬಿಡುವ ಸಾಧಾರಣ ಫೋನ್ ಸಾಕು. ಮಿಕ್ಕಿದ್ದನ್ನು ನಾವು ಕೊಡುವ ಅನುಮತಿಗಳು ತೀರ್ಮಾನಿಸುತ್ತವೆ. ಜಿಲ್ಲೆಯಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದ ತಮ್ಮ ತಂಗಿಯರಿಗೆ ನಾವು ಹೇಳುವುದು ಇಷ್ಟೇ: ಕಚೇರಿ ಮೇಲ್ ಹಾಕಿಕೊಳ್ಳುವಾಗ 'ಒಪ್ಪಿಗೆ' ಎಂಬ ಗುಂಡಿ ಒತ್ತುವ ಮೊದಲು ಅದರ ಮೇಲಿರುವ ನಾಲ್ಕು ಸಾಲು ಓದಿ. ಸುದ್ದಿಮೂಲ ಕಾಪಾಡುವ ಪಾಠ ಈಗ ಅಲ್ಲಿಂದಲೇ ಶುರು.