ನನ್ನ ಮೊದಲ ಪಿಸಿ, ಭಾಗ 3: ಒಂದಕ್ಷರದ ಬೆಲೆ

ಕಳೆದ ಭಾಗಕ್ಕೆ ಬಂದ ಕಾಮೆಂಟ್‌ಗಳಲ್ಲಿ ಅರ್ಧಕ್ಕರ್ಧ ಒಂದೇ ಪ್ರಶ್ನೆ: "ಇಂಟೆಲ್ಲಾ, ಎಎಂಡಿನಾ? ಒಂದೇ ಮಾತಲ್ಲಿ ಹೇಳು ಗುರು." ಒಂದೇ ಮಾತಲ್ಲಿ ಹೇಳೋಕಾಗಲ್ಲ. ಅದಕ್ಕೇ ಈ ಉದ್ದ ಕ್ಯಾಪ್ಷನ್, ಬೈಕೋಬೇಡಿ.

2023ರ ಜೂನ್. ಕೈಯಲ್ಲಿದ್ದಿದ್ದು 35,000 ರೂಪಾಯಿ, ಅಮ್ಮ ಎತ್ತಿದ ಚೀಟಿ ದುಡ್ಡು. ಅದನ್ನ ಎತ್ತಿದ್ದೇ ಅಡುಗೆಮನೆ ಮೇಲಿನ ಶೀಟ್ ಬದಲಾಯಿಸೋಕೆ. "ಶೀಟ್ ಮುಂದಿನ ವರ್ಷ ಹಾಕ್ಸೋಣ, ಇವನ ಓದು ಮುಂದಕ್ಕೆ ಹಾಕೋಕಾಗುತ್ತಾ?" ಅಂದ್ರು ಅಪ್ಪ. ಆ ರಾತ್ರಿ ನಂಗೆ ನಿದ್ದೆ ಬರ್ಲಿಲ್ಲ.

ನಾನಾಗ ಪಕ್ಕಾ ಇಂಟೆಲ್ ಪಾರ್ಟಿ. ಕಾರಣ ಕೇಳಿದ್ರೆ ನಗ್ತೀರ: ಸ್ಕೂಲ್ ಲ್ಯಾಬಿನ ಕಂಪ್ಯೂಟರ್ ಮೇಲೆಲ್ಲ ಅದೇ ಸ್ಟಿಕ್ಕರ್ ಇತ್ತು. ನಮ್ಮ ಕ್ಲಾಸಿನ ಹಿಂದಿನ ಬೆಂಚು ಪೂರ್ತಿ ಎಎಂಡಿ. ಐಪಿಎಲ್ ಟೀಮಿಗೆ ಜಗಳ ಆಡೋ ಥರ ಆಡ್ತಿದ್ವಿ. ಇಬ್ಬರ ಮನೇಲೂ ಪಿಸಿ ಇರ್ಲಿಲ್ಲ ಅನ್ನೋದು ಬೇರೆ ಮಾತು!

ಕೊನೆಗೆ ಉಳಿದಿದ್ದು ಎರಡು. ಇಂಟೆಲ್ ಐ3 12100: 4 ಕೋರ್, 8 ಥ್ರೆಡ್. ರೈಜನ್ 5 5600ಜಿ: 6 ಕೋರ್, 12 ಥ್ರೆಡ್. ಒಂದೊಂದು ಕೋರಿನ ವೇಗ ನೋಡಿದ್ರೆ ಇಂಟೆಲ್ ಮುಂದೆ. ಅದರ ಬೋರ್ಡಿಗೆ ಮುಂದೆ 13ನೇ ತಲೆಮಾರಿನ ಪ್ರೊಸೆಸರ್ ಕೂಡ ಹಾಕಬಹುದು. ಎಎಂಡಿಯ ಎಎಂ4 ಸಾಕೆಟ್ ಆಗ್ಲೇ ಹಳೇದು, 2022ರಲ್ಲೇ ಎಎಂ5 ಬಂದಾಗಿತ್ತು. ಆದ್ರೆ 5600ಜಿ ಒಳಗಿರೋ ಗ್ರಾಫಿಕ್ಸ್ ಮುಂದೆ ಇಂಟೆಲ್‌ದು ತುಂಬಾ ಸಪ್ಪೆ.

ಅಪ್ಪನ ಜೊತೆ ತುಮಕೂರಿಂದ ಬೆಳಿಗ್ಗೆ ಟ್ರೇನಿಗೆ ಹೊರಟು ಎಸ್‌ಪಿ ರೋಡಿಗೆ ಹೋದ್ವಿ. ದುಡ್ಡು ಅಪ್ಪನ ಒಳಜೇಬಲ್ಲಿ. ದಾರಿಯುದ್ದಕ್ಕೂ ಅವರ ಕೈ ಎದೆ ಮೇಲೇ ಇತ್ತು.

ಒಂದು ಅಂಗಡೀಲಿ ಐ3 12100ಎಫ್ ತೋರಿಸಿದ್ರು. "ಅದೇ ಐ3, ಸುಮಾರು ಮೂರು ಸಾವಿರ ಕಮ್ಮಿ." ನಂಗೆ ಖುಷಿಯೋ ಖುಷಿ. ಅಪ್ಪ ಒಳಜೇಬಿಗೆ ಕೈ ಹಾಕಿದ್ರು. ಪಕ್ಕದಲ್ಲಿ ರಿಪೇರಿಗೆ ಅಂತ ನಿಂತಿದ್ದ ವಯಸ್ಸಾದವರೊಬ್ಬರು ಕೇಳಿದ್ರು, "ಗ್ರಾಫಿಕ್ಸ್ ಕಾರ್ಡ್ ಇದೆಯೇನಪ್ಪಾ?" ಇಲ್ಲ ಅಂದೆ. "ಹಂಗಾದ್ರೆ ಸ್ಕ್ರೀನಲ್ಲಿ ಏನ್ ನೋಡ್ತೀಯಾ?"

ಎಫ್ ಅಂದ್ರೆ ಒಳಗೆ ಗ್ರಾಫಿಕ್ಸೇ ಇಲ್ಲ. ಬೇರೆ ಕಾರ್ಡ್ ಹಾಕದೆ ಮಾನಿಟರಲ್ಲಿ ಚಿತ್ರ ಬರಲ್ಲ. ಎಎಂಡಿಲೂ ಹಂಗೇ: 5600ಜಿ ಬದಲು ಬರೀ 5600 ತಂದ್ರೂ ಅದೇ ಕಥೆ. ಬ್ರಾಂಡಿಗೋಸ್ಕರ ಆರು ತಿಂಗಳು ಜಗಳ ಆಡಿದ್ದ ನಾನು ಕೊನೇ ಅಕ್ಷರ ಓದಿರ್ಲಿಲ್ಲ.

ಹೊರಗೆ ಬಂದು ಟೀ ಕುಡೀತಾ ಅಪ್ಪ ಕೇಳಿದ್ದು ಒಂದೇ: "ಇದ್ರಲ್ಲಿ ಏನೇನ್ ಕೆಲಸ ಮಾಡ್ತೀಯ?" ನಾನು ಕೋಡಿಂಗ್, ತಂಗಿ ವಿಡಿಯೋ ಎಡಿಟಿಂಗ್, ಸ್ವಲ್ಪ ಗೇಮ್. ಕಾರ್ಡ್ ತಗೊಳೋ ಶಕ್ತಿ ಇನ್ನೆರಡು ವರ್ಷ ಇಲ್ಲ. ಅಷ್ಟು ಜೋರಾಗಿ ಹೇಳ್ಕೊಂಡಾಗ ಉತ್ತರ ತಾನಾಗೇ ಬಂತು: 5600ಜಿ. ಕಾರ್ಡ್ ಕೈಯಲ್ಲಿದ್ದಿದ್ರೆ 12100ಎಫ್ ಒಳ್ಳೇ ಆಯ್ಕೆನೇ ಆಗಿರೋದು, ಸುಳ್ಳು ಹೇಳಲ್ಲ.

ಇನ್ನೊಂದು ಮಾತು. ರ‍್ಯಾಮ್ 16 ಜಿಬಿಯ ಒಂದೇ ಸ್ಟಿಕ್ ಬೇಡ, 8ರದ್ದು ಎರಡು ಹಾಕಿ. ಒಳಗಿನ ಗ್ರಾಫಿಕ್ಸ್ ಬಳಸೋದು ಇದೇ ರ‍್ಯಾಮನ್ನ. ಎರಡು ಸ್ಟಿಕ್ ಇದ್ರೆ ಅದಕ್ಕೆ ದಾರಿ ಅಗಲ ಆಗುತ್ತೆ. ಹಾರ್ಡ್ ಡಿಸ್ಕ್ ಬದಲು ಎಸ್‌ಎಸ್‌ಡಿ. ಕರೆಂಟ್ ಹೋಗೋ ಊರಾದ್ರೆ ಯುಪಿಎಸ್‌ಗೂ ದುಡ್ಡು ಎತ್ತಿಡಿ. ಮಾನಿಟರ್ ನಾನು ಸೀನಿಯರ್ ಹತ್ರ ಹಳೇದು ತಗೊಂಡೆ.

ಆ ಮಳೆಗಾಲ ಅಡುಗೆಮನೇಲಿ ಎರಡು ಬಕೆಟ್ ಇಟ್ವಿ. ನೀರು ತೊಟ್ಟಿಕ್ಕೋ ಸದ್ದು ಕೇಳ್ತಾನೇ ನನ್ನ ಮೊದಲ ಪ್ರಾಜೆಕ್ಟ್ ಮುಗಿಸಿದೆ. ಶೀಟಿನ ಬಾಕಿ ಇನ್ನೂ ನನ್ನ ಮೇಲಿದೆ.

ಅದಕ್ಕೇ, "ಯಾವ ಬ್ರಾಂಡ್" ಅಂತ ಕೇಳೋ ಮೊದಲು ಕಾಮೆಂಟಲ್ಲಿ ಮೂರು ಬರೀರಿ: ಬಜೆಟ್ ಎಷ್ಟು, ಕೆಲಸ ಏನು, ಕಾರ್ಡ್ ಇದೆಯಾ. ಆಮೇಲೆ ಮಾತಾಡೋಣ.

ಭಾಗ 4: ಜೋಡಿಸೋವಾಗ ನಾನು ಮಾಡಿದ ಎಡವಟ್ಟು.

#ನನ್ನಮೊದಲಪಿಸಿ #ಬಜೆಟ್‌ಪಿಸಿ #ಕನ್ನಡಟೆಕ್