ವ್ಯೂಹದೊಳಗಿನ ಒಬ್ಬ

ಶತ್ರುಗಳ ನಡುವೆ ಒಂಟಿಯಾಗಿ ಸಿಕ್ಕಿಕೊಂಡ ವೀರನ ಕಥೆ ನಮಗೆ ಹೊಸದಲ್ಲ. ಅಭಿಮನ್ಯುವಿಗೆ ಚಕ್ರವ್ಯೂಹವನ್ನು ಹೊಗುವುದು ತಿಳಿದಿತ್ತು, ಹೊರಬರುವುದು ತಿಳಿದಿರಲಿಲ್ಲ. ಬೆನ್ನ ಹಿಂದೆಯೇ ಬರುವೆವೆಂದು ಮಾತು ಕೊಟ್ಟ ಹಿರಿಯರನ್ನು ಜಯದ್ರಥನು ವ್ಯೂಹದ ಬಾಗಿಲಲ್ಲಿಯೇ ತಡೆದನು. ಈ ಕಥೆಯನ್ನು ಕೇಳುವಾಗ ನಮ್ಮ ಮನಸ್ಸು ನೋಯುವುದು ಆ ಬಾಲಕನ ಮರಣಕ್ಕಾಗಿ ಮಾತ್ರವಲ್ಲ. ಬರುವೆವೆಂದವರು ಬರಲಾರದೆ ಹೋದರಲ್ಲಾ ಎಂಬುದಕ್ಕಾಗಿ.

ಇಂಥದೇ ಒಂದು ಕಥೆಯನ್ನು ಈಚೆಗೆ ಮನೆಯಲ್ಲಿಯೇ ಕುಳಿತು ನೋಡಿದೆನು. ಅಳಿಯಂದಿರು ಬಹುಕಾಲದಿಂದ ಕೂಡಿಟ್ಟ ಡಿವಿಡಿಗಳ ಪೆಟ್ಟಿಗೆಯಿಂದ ಮೊಮ್ಮಗನು ಆರಿಸಿ ತಂದ ಆ ಚಿತ್ರದ ಹೆಸರು ‘ಬಿಹೈಂಡ್ ಎನಿಮಿ ಲೈನ್ಸ್’. 2001ರಲ್ಲಿ ಅಮೆರಿಕದಲ್ಲಿ ತೆರೆಕಂಡದ್ದು. ಬಾಸ್ನಿಯಾದ ಕಲಹದ ಕಾಲ. ವಿಮಾನವಾಹಕ ಹಡಗಿನಿಂದ ಹೊರಟ ಇಬ್ಬರು ಅಧಿಕಾರಿಗಳು, ಹೆಣಗಳನ್ನು ಹೂಳುತ್ತಿದ್ದ ಎಡೆಯ ಚಿತ್ರವನ್ನು ಮೇಲಿನಿಂದ ತೆಗೆದುದರಿಂದ, ಸೆರ್ಬರ ಕ್ಷಿಪಣಿಗೆ ಗುರಿಯಾಗುತ್ತಾರೆ. ಚಾಲಕನನ್ನು ಹಗೆಗಳು ಕೊಲ್ಲುತ್ತಾರೆ. ಸಂಗಡಿಗನಾದ ಬರ್ನೆಟ್ಟನು ಹಿಮದ ಕಾಡಿನಲ್ಲಿ ಓಡುತ್ತಾನೆ. ಹಡಗಿನ ಅಡ್ಮಿರಲ್ಲನು ಅವನನ್ನು ಕರೆತರಲು ತವಕಿಸಿದರೆ, ಸಂಧಿಯು ಕೆಟ್ಟೀತೆಂದು ಮೇಲಧಿಕಾರಿಯು ತಡೆಯುತ್ತಾನೆ. ಕಡೆಗೆ ಅಡ್ಮಿರಲ್ಲನು ಆಜ್ಞೆಯನ್ನು ಮೀರಿ ತಾನೇ ಹೆಲಿಕಾಪ್ಟರಿನಲ್ಲಿ ಹೋಗಿ ಅವನನ್ನು ಎತ್ತಿ ತರುತ್ತಾನೆ. ತನ್ನ ಅಧಿಕಾರವನ್ನು ಕಳೆದುಕೊಳ್ಳುತ್ತಾನೆ. ಇಷ್ಟು ಗುಂಡುಗಳಲ್ಲಿ ಒಂದೂ ನಾಯಕನಿಗೆ ನಾಟದಿರುವುದು, ಪುರಾಣಶ್ರವಣದ ಅಭ್ಯಾಸವುಳ್ಳ ನನಗೂ ತುಸು ಹೆಚ್ಚೆನಿಸಿತು. ಇರಲಿ.

ಚಿತ್ರಮಂದಿರದ ಚಿತ್ರವು ಹೊಳೆಯ ನೀರಿನಂತೆ; ಹರಿದುಹೋದುದು ಹೋಯಿತು. ಮನೆಯ ಡಿವಿಡಿಯಾದರೋ ನಮ್ಮ ಪಾಠಶಾಲೆಯ ಗ್ರಂಥಪಾಠದಂತೆ: ಬೇಕಾದಲ್ಲಿ ನಿಲ್ಲಬಹುದು, ಹಿಂದಿರುಗಿ ಆವೃತ್ತಿ ಮಾಡಬಹುದು. ನಾವು ಎರಡು ಕಡೆ ನಿಂತೆವು. ಬೆನ್ನಟ್ಟಿದವರ ಕಣ್ಣು ತಪ್ಪಿಸಲು ಬರ್ನೆಟ್ಟನು ಹೊಂಡದೊಳಗೆ ಒಂದು ಹೆಣದ ಅಡಿಯಲ್ಲಿ ಅವಿತುಕೊಳ್ಳುವಲ್ಲಿ ಒಮ್ಮೆ. ಕಥೆ ಕಲ್ಪಿತವಾದರೂ ಅಂಥ ಹೊಂಡಗಳು ಕಲ್ಪಿತವಲ್ಲ. 1995ರ ಜುಲೈ ತಿಂಗಳಲ್ಲಿ ಸ್ರೆಬ್ರೆನಿತ್ಸಾದಲ್ಲಿ, ವಿಶ್ವಸಂಸ್ಥೆಯು ಸುರಕ್ಷಿತವೆಂದು ಸಾರಿದ್ದ ಊರಿನಲ್ಲಿ, ಸುಮಾರು 8,000 ಮಂದಿ ಮುಸಲ್ಮಾನ ಗಂಡಸರೂ ಹುಡುಗರೂ ಸೆರ್ಬ್ ಪಡೆಗಳಿಗೆ ಸಿಕ್ಕಿ ಹತರಾದರು. ನಾಯಕನನ್ನು ಮರೆಮಾಡಿದ ಆ ಹೆಣಕ್ಕೂ ಒಂದು ಮನೆಯಿದ್ದಿರಬೇಕು. ಅವನಿಗಾಗಿ ಯಾವ ಹಡಗಿನಿಂದಲೂ ಯಾರೂ ಹೊರಡಲಿಲ್ಲ.

ಎರಡನೆಯ ಸಲ ನಿಲ್ಲಿಸಿದವಳು ನನ್ನ ಮಗಳು. ಬರ್ನೆಟ್ಟನು ಸತ್ತನೆಂದೇ ನಂಬಿ ರಕ್ಷಣೆಯ ಯತ್ನವನ್ನು ಕೈಬಿಡುವ ಎಡೆ ಅದು. ಮೊಮ್ಮಗನು ಖಡಕವಾಸಲದ ರಾಷ್ಟ್ರೀಯ ರಕ್ಷಣಾ ಅಕಾಡೆಮಿಯ ಪ್ರವೇಶಪರೀಕ್ಷೆಗೆ ಓದುತ್ತಿದ್ದಾನೆ; ವಾಯುಪಡೆಯನ್ನು ಸೇರಬೇಕೆಂಬುದು ಅವನ ಹಟ. “ಅಪ್ಪ, ಬಿದ್ದವರನ್ನು ನಿಜವಾಗಿಯೂ ಹೋಗಿ ಕರೆತರುತ್ತಾರೆಯೇ?” ಎಂದು ಅವಳು ಕೇಳಿದಳು. ಹುಡುಗನು ಪರದೆಯಿಂದ ಕಣ್ಣು ತೆಗೆಯಲಿಲ್ಲ.

ಕರೆತಂದುದುಂಟು. ಈ ಚಿತ್ರದ ಹಿನ್ನೆಲೆಯಲ್ಲಿಯೇ ಅಂಥದೊಂದು ಘಟನೆಯಿದೆ. 1995ರ ಜೂನ್ 2ರಂದು ಸ್ಕಾಟ್ ಓಗ್ರೇಡಿ ಎಂಬ ಅಮೆರಿಕದ ವೈಮಾನಿಕನ ಎಫ್-16 ವಿಮಾನವನ್ನು ಬಾಸ್ನಿಯಾದ ಮೇಲೆ ಕ್ಷಿಪಣಿಯಿಂದ ಕೆಡವಿದರು. ಆತನು ಆರು ದಿನ ಅಡಗಿದ್ದು, ಎಲೆಗಳನ್ನೂ ಇರುವೆಗಳನ್ನೂ ತಿಂದು, ಮಳೆಯ ನೀರನ್ನು ಹಿಡಿದು ಕುಡಿದು ಜೀವ ಉಳಿಸಿಕೊಂಡನು. ಜೂನ್ 8ರಂದು ಹೆಲಿಕಾಪ್ಟರುಗಳು ಹೋಗಿ ಅವನನ್ನು ಕರೆತಂದವು. ಅವನು ಗುಂಡು ಹಾರಿಸಿ ಶೂರನಾದವನಲ್ಲ. ಅಲುಗಾಡದೆ ಮಲಗಿದ್ದು ಉಳಿದವನು. ಚಿತ್ರದ ನಾಯಕನಿಗೆ ಈ ತಾಳ್ಮೆ ಎಲ್ಲಿಯದು! ತನ್ನ ಕಥೆಯನ್ನು ಬಳಸಿಕೊಂಡರೆಂದು ಓಗ್ರೇಡಿಯು ಚಿತ್ರದ ಸಂಸ್ಥೆಯ ಮೇಲೆ ದಾವೆ ಹೂಡಿದುದೂ ಉಂಟು.

ಆದರೆ ಇನ್ನೊಂದು ಘಟನೆಯನ್ನು ಹೇಳದಿದ್ದರೆ ಉತ್ತರವು ಅರ್ಧವಾಗುತ್ತದೆ. ಅಡ್ಮಿರಲ್ಲನಾಗಿ ಅಭಿನಯಿಸಿದ ಜೀನ್ ಹ್ಯಾಕ್‌ಮನ್ನರು 1988ರ ‘ಬ್ಯಾಟ್ 21’ ಎಂಬ ಚಿತ್ರದಲ್ಲಿ ಬಿದ್ದ ವೈಮಾನಿಕನ ಪಾತ್ರವನ್ನೇ ವಹಿಸಿದ್ದರು. ಅದು ಐಸೀಲ್ ಹ್ಯಾಂಬಲ್ಟನ್ ಎಂಬ 53 ವಯಸ್ಸಿನ ಅಧಿಕಾರಿಯ ಕಥೆ. 1972ರ ಏಪ್ರಿಲ್ 2ರಂದು ವಿಯೆಟ್ನಾಮಿನಲ್ಲಿ ಅವನ ವಿಮಾನವು ಬಿದ್ದಾಗ ಒಳಗಿದ್ದ 6 ಮಂದಿಯಲ್ಲಿ ಉಳಿದವನು ಅವನೊಬ್ಬನೇ. ಹಗೆಗಳು ರೇಡಿಯೋವನ್ನು ಕೇಳುತ್ತಿದ್ದುದರಿಂದ, ಅವನು ಆಡಿ ಬಲ್ಲ ಗಾಲ್ಫ್ ಮೈದಾನಗಳ ಹೆಸರು ಹೇಳಿ ದಿಕ್ಕನ್ನೂ ದೂರವನ್ನೂ ಸೂಚಿಸಿದರು. ವಾರಣಾವತಕ್ಕೆ ಹೊರಟ ಧರ್ಮರಾಜನಿಗೆ ವಿದುರನು ಅನ್ಯರಿಗೆ ತಿಳಿಯದ ಮಾತಿನಲ್ಲಿ ಅರಗಿನ ಮನೆಯ ಅಪಾಯವನ್ನು ತಿಳಿಸಿದಂತೆ. ಹ್ಯಾಂಬಲ್ಟನ್ನನು ಸುಮಾರು 11 ದಿನಗಳ ಮೇಲೆ ಬದುಕಿ ಬಂದನು. ಅವನನ್ನು ತರುವ ಯತ್ನದಲ್ಲಿ ಸತ್ತವರು 11 ಮಂದಿ.

ಒಬ್ಬನಿಗಾಗಿ ಹನ್ನೊಂದು! ಕುಲಕ್ಕಾಗಿ ಒಬ್ಬನನ್ನು ಬಿಡಬೇಕೆಂಬ ನೀತಿಯನ್ನು ನಾನು ಮೂವತ್ತು ವರ್ಷಕ್ಕೂ ಮೇಲೆ ತರಗತಿಗಳಲ್ಲಿ ಬೋಧಿಸಿದವನು. ಈ ಲೆಕ್ಕವನ್ನು ಕಂಡವರು ಆ ನೀತಿಯನ್ನೇ ಎತ್ತಿ ಹಿಡಿದಾರು. ಆದರೆ ಅದನ್ನು ಹೇಳಿದವನು ಯಾರು, ಯಾವ ಸಂದರ್ಭದಲ್ಲಿ ಎಂಬುದನ್ನು ಮರೆಯಬಾರದು. ಭಾರತದಲ್ಲಿ ಅದು ಅದೇ ವಿದುರನ ಮಾತು; ದುರ್ಯೋಧನನನ್ನು ತ್ಯಜಿಸೆಂದು ಧೃತರಾಷ್ಟ್ರನಿಗೆ ಹೇಳಿದುದು. ಅಲ್ಲಿ ಬಿಡತಕ್ಕವನು ಕುಲವನ್ನೇ ಕೆಡಿಸುವ ಮಗ. ರಾಜನ ಆಜ್ಞೆಯನ್ನು ತಲೆಯಲ್ಲಿ ಹೊತ್ತು ಹೋಗಿ ಬಿದ್ದವನಿಗೆ ಈ ಮಾತು ಹೇಗೆ ಸಲ್ಲುತ್ತದೆ? ಕಳುಹಿಸಿದವನಿಗೆ ಕರೆತರುವ ಋಣವಿದೆ.

ಋಣವಿದೆಯೆಂದು ಮತ್ತೆ ಹನ್ನೊಂದು ಮಂದಿಯನ್ನು ಅಟ್ಟಬಹುದೇ? ವಿಮಾನಗಳಿಂದ ಇನ್ನು ಸಾಧ್ಯವಿಲ್ಲವೆಂದು ತೋರಿದ ಮೇಲೆ, ಅಮೆರಿಕದ ಥಾಮಸ್ ನಾರಿಸ್, ದಕ್ಷಿಣ ವಿಯೆಟ್ನಾಮಿನ ನ್ಗುಯೆನ್ ವಾನ್ ಕಿಯೆಟ್ ಎಂಬಿಬ್ಬರು ಮೀನುಗಾರರ ವೇಷದಲ್ಲಿ ರಾತ್ರಿ ದೋಣಿಯಲ್ಲಿ ಹೋಗಿ ಹ್ಯಾಂಬಲ್ಟನ್ನನನ್ನು ತಂದರು. ತನ್ನದಲ್ಲದ ದೇಶದ ಒಬ್ಬ ಮುದುಕನಿಗಾಗಿ ಕಿಯೆಟ್ಟನು ಜೀವವನ್ನು ಒಡ್ಡಿದನು. 1988ರ ಚಿತ್ರದಲ್ಲಿ ಈ ಇಬ್ಬರೂ ಇಲ್ಲ. ತ್ಯಜಿಸು ಎಂಬ ಮಾತನ್ನು ತನಗೆ ತಾನೇ ಹೇಳಿಕೊಂಡಾಗ ಮಾತ್ರ ಅದು ಧರ್ಮವಾಗುತ್ತದೆಂದು ನನಗೆ ತೋರುತ್ತದೆ.

ಬಿದ್ದವನು ಕೈಗೆ ಸಿಗದಿದ್ದರೆ? ಅದಕ್ಕೂ ನಮ್ಮ ನಾಡಿನ ಒಂದು ನಿದರ್ಶನವಿದೆ. 1965ರ ಯುದ್ಧದ ಕಡೆಯ ಹೊತ್ತಿಗೆ, ಕೊಡಗಿನ ಜನರಲ್ ಕಾರಿಯಪ್ಪನವರ ಮಗ ಕೆ. ಸಿ. ಕಾರಿಯಪ್ಪನವರ ಹಂಟರ್ ವಿಮಾನವು ಬಿದ್ದು, ಅವರು ಪಾಕಿಸ್ತಾನದ ಸೆರೆಯಾಳಾದರು. ಆ ದೇಶದ ಅಧ್ಯಕ್ಷರಾದ ಅಯೂಬ್ ಖಾನರಿಗೆ ಹಿಂದಿನ ಸೈನ್ಯದ ದಿನಗಳಿಂದ ಜನರಲ್ಲರ ಪರಿಚಯ. ಮಗನಿಗೆ ವಿಶೇಷ ಅನುಕೂಲ ಮಾಡಿಕೊಡುವುದಾಗಿ ಹೇಳಿಕಳುಹಿಸಿದರು. ಸೆರೆಯಲ್ಲಿರುವವರೆಲ್ಲರೂ ತನ್ನ ಮಕ್ಕಳೇ, ಒಬ್ಬನಿಗೆ ಬೇರೆ ಉಪಚಾರ ಬೇಡವೆಂದು ತಂದೆಯು ಉತ್ತರ ಕೊಟ್ಟರೆಂಬುದು ಪ್ರಸಿದ್ಧವಾಗಿದೆ. ಮಗನು 1966ರಲ್ಲಿ ಹಿಂತಿರುಗಿದರು.

ಚಿತ್ರವು ಒಬ್ಬನ ಮುಖವನ್ನು ಎರಡು ಗಂಟೆ ತೋರಿಸಿ ಅವನನ್ನು ನಮ್ಮವನನ್ನಾಗಿ ಮಾಡುತ್ತದೆ. ಆಮೇಲೆ ಅವನು ಉಳಿಯಲೆಂದು ಹಾರೈಸುವುದು ಕಷ್ಟವಲ್ಲ. ಮುಖ ಕಾಣದವರೂ ನಮ್ಮವರೆಂದು ಎಣಿಸುವುದು ಕಷ್ಟ; ಮಡಿಕೇರಿಯ ಆ ತಂದೆ ಮಾಡಿದುದು ಅದನ್ನು. ಯಾರ ಮಗನನ್ನಾದರೂ ಆಕಾಶಕ್ಕೆ ಕಳುಹಿಸುವ ರಾಜ್ಯವು, ಅವನನ್ನು ಕರೆತಂದೇ ತರುತ್ತೇನೆಂದು ಆ ಮನೆಗೆ ಪ್ರಮಾಣ ಮಾಡಲಾರದು. ಜಯದ್ರಥರು ಎಲ್ಲ ಬಾಗಿಲುಗಳಲ್ಲಿಯೂ ಇದ್ದಾರೆ. ಅವನು ಯಾರ ಮಗನೆಂದು ನೋಡದೆ ಬಾಗಿಲವರೆಗೆ ಬರುತ್ತೇನೆಂದು ಹೇಳಬಹುದು. ಮಗಳಿಗೂ ಇಷ್ಟನ್ನೇ ಹೇಳಿದೆನು.