ಎರಡನೆಯ ಬೇಸಿಲ್ಲದ ಮೈದಾನ

ನಾನು ಸಾಫ್ಟ್‌ಬಾಲ್ ಆಡುವವಳೆಂದು ಹೇಳಿಕೊಂಡಾಗಲೆಲ್ಲ ಕೇಳಿದವರ ಮುಖದಲ್ಲಿ ಒಂದು ಬಗೆಯ ಕನಿಕರ ಮೂಡುವುದನ್ನು ಕಂಡಿದ್ದೇನೆ. ನಮ್ಮ ಅಜ್ಜಿಯಂತೂ ಅದು ಅರಳೆ ತುಂಬಿದ ಚೆಂಡೆಂದೇ ನಂಬಿದ್ದರು. ಒಂದು ಸಂಜೆ ನನ್ನ ಬಲಗೈಯ ಕಿರುಬೆರಳು ಊದಿಕೊಂಡು ಬದನೆಕಾಯಿಯ ಬಣ್ಣಕ್ಕೆ ತಿರುಗಿದಾಗ, ಅರಿಸಿನದ ಪಟ್ಟು ಹಾಕುತ್ತ, ಆ ಚೆಂಡನ್ನು ತರಿಸಿ ಎರಡು ಕೈಯಿಂದಲೂ ಒತ್ತಿ ನೋಡಿದರು. "ಇದಕ್ಕೆ ಮೆತ್ತನೆಯ ಚೆಂಡೆಂದು ಹೆಸರಿಟ್ಟ ಪುಣ್ಯಾತ್ಮ ಯಾರೇ?" ಎಂದರು.

ಆ ಪುಣ್ಯಾತ್ಮರ ಕಥೆ ಸ್ವಾರಸ್ಯವಾಗಿಯೇ ಇದೆ. 1887ರಲ್ಲಿ ಚಿಕಾಗೋ ನಗರದ ಒಂದು ದೋಣಿ ಕ್ಲಬ್ಬಿನಲ್ಲಿ ಫುಟ್‌ಬಾಲ್ ಪಂದ್ಯವೊಂದರ ಫಲಿತಾಂಶಕ್ಕಾಗಿ ಕಾದು ಕುಳಿತಿದ್ದ ತರುಣರಲ್ಲಿ ಒಬ್ಬನು ಮುಷ್ಟಿಯುದ್ಧದ ಹಳೆಯ ಗ್ಲೌಸನ್ನು ಇನ್ನೊಬ್ಬನತ್ತ ಎಸೆದನಂತೆ. ಅವನು ಅದನ್ನು ಕೋಲಿನಿಂದ ಹೊಡೆದನಂತೆ. ಜಾರ್ಜ್ ಹ್ಯಾನ್‌ಕಾಕ್ ಎಂಬಾತನು ಅದೇ ಗ್ಲೌಸನ್ನು ಬಿಗಿದು ಕಟ್ಟಿ ಚೆಂಡು ಮಾಡಿದನು, ಆಟ ಹುಟ್ಟಿತು. ಸಾಫ್ಟ್‌ಬಾಲ್ ಎಂಬ ಹೆಸರು ಬಂದದ್ದು 1926ರಲ್ಲಿ. ಗ್ಲೌಸಿನ ಚೆಂಡು ಮೆತ್ತಗೆ ಇದ್ದಿರಬಹುದು. ಈಗಿನದು ಸುತ್ತಳತೆಯಲ್ಲಿ 12 ಅಂಗುಲ, ತೂಕದಲ್ಲಿ ಕ್ರಿಕೆಟ್ ಚೆಂಡಿಗಿಂತಲೂ ಒಂದು ಕೈ ಮೇಲು.

ನಾನು ಈ ಆಟಕ್ಕೆ ಬಂದದ್ದು ಪ್ರತಿಭೆಯಿಂದಲ್ಲ, ಸಂಖ್ಯೆಯಿಂದ. ಮೊದಲನೆಯ ಬಿ.ಎ. ತರಗತಿಯಲ್ಲಿದ್ದಾಗ ನಮ್ಮ ದೈಹಿಕ ಶಿಕ್ಷಣ ನಿರ್ದೇಶಕರಿಗೆ ಎಂಟು ಜನ ಹುಡುಗಿಯರು ಸಿಕ್ಕಿದ್ದರು; ಆಟಕ್ಕೆ ಒಂಬತ್ತು ಜನ ಬೇಕು. ಥ್ರೋಬಾಲ್ ಆಡಿ ಬಲ್ಲೆನೆಂದು ನಾನು ಬಾಯಿ ತಪ್ಪಿ ಹೇಳಿದ್ದೇ ಸಾಕಾಯಿತು. ಎರಡು ವರ್ಷ ಪಟ್ಟು ಹಿಡಿದು ಕಲಿತು ಶಾರ್ಟ್‌ಸ್ಟಾಪ್ ಎಂಬ ಸ್ಥಾನವನ್ನು ನನ್ನದಾಗಿ ಮಾಡಿಕೊಂಡೆ. ಎರಡನೆಯ ಮತ್ತು ಮೂರನೆಯ ಬೇಸುಗಳ ನಡುವೆ ನಿಲ್ಲುವ ಈಕೆಯ ಕಡೆಗೆ ಚೆಂಡು ಬರುವಷ್ಟು ಇನ್ನಾರ ಕಡೆಗೂ ಬಾರದೆಂದು ನನ್ನ ಭಾವನೆ. ಪಿಚರ್ ಹುಡುಗಿ ಇದನ್ನು ಒಪ್ಪುವುದಿಲ್ಲ.

ನಮ್ಮ ಮನೆ ಇರುವುದು ರಾಮಮೂರ್ತಿ ನಗರದಲ್ಲಿ. ಟಿನ್ ಫ್ಯಾಕ್ಟರಿಯಿಂದ ಆಚೆಗೆ, ರಿಂಗ್ ರಸ್ತೆಯನ್ನು ದಾಟಿ, ಕಲ್ಕೆರೆಯ ದಿಕ್ಕಿಗೆ ಮನೆಗಳ ಮೇಲೆ ಮನೆಗಳು ಏಳುತ್ತಿರುವ ಬಡಾವಣೆ. ಬೈಯಪ್ಪನಹಳ್ಳಿಯಿಂದ ಕೆ.ಆರ್. ಪುರದವರೆಗೆ ಮೆಟ್ರೋ ಓಡಲು ಆರಂಭವಾದ 2023ರ ಅಕ್ಟೋಬರ್ ತಿಂಗಳಿಂದ ಕಾಲೇಜಿಗೆ ಹೋಗುವುದು ಸುಲಭವಾಗಿದೆ. ಬ್ಯಾಟನ್ನು ಕಂಡ ಕಾವಲಿನವರಿಗೆ ಆಟದ ನಿಯಮಗಳನ್ನು ವಿವರಿಸುವಷ್ಟು ಹೊತ್ತು ಮಾತ್ರ ಹೆಚ್ಚು ಬೇಕು. ನನ್ನ ಕೈಯಲ್ಲಿ ಆ ಬ್ಯಾಟನ್ನು ಕಂಡೇ ನಮ್ಮ ಬೀದಿಯ ಮೂವರು ಹುಡುಗಿಯರು ಒಂದು ಭಾನುವಾರ ಬಾಗಿಲಿಗೆ ಬಂದು ನಿಂತರು. ಮೂವರೂ ಎರಡನೆಯ ಪಿ.ಯು.ಸಿ. "ಅಕ್ಕಾ, ಇದನ್ನ ಆಡಿದ್ರೆ ಕಾಲೇಜಲ್ಲಿ ಸೀಟು ಕೊಡ್ತಾರಂತೆ. ನಮಗೂ ಹೇಳಿಕೊಡಿ."

ಕೇಳಿದವಳು ಅವರಲ್ಲಿ ಎತ್ತರದವಳು, ಖೋ-ಖೋ ಆಡುತ್ತಿದ್ದವಳು. ತಂದೆ ಆಟೋ ಓಡಿಸುತ್ತಾರೆ. ತಾಯಿ ಮನೆಯಲ್ಲಿ ರವಿಕೆ ಹೊಲಿಯುತ್ತಾರೆ. ಪಿ.ಯು.ಸಿ. ಮುಗಿದರೆ ಅಂಗಡಿಯೊಂದರಲ್ಲಿ ಕೆಲಸಕ್ಕೆ ಸೇರಿಸುವುದೆಂದು ಮನೆಯಲ್ಲಿ ಮಾತು ನಡೆದಿತ್ತು. ಫೀಸಿಲ್ಲದೆ ಸೀಟು ಸಿಕ್ಕರೆ ಮೂರು ವರ್ಷ ಆ ಮಾತು ಮುಂದಕ್ಕೆ ಹೋಗುತ್ತದೆಂಬುದು ಅವಳ ಲೆಕ್ಕ.

ಅಮೆರಿಕದಲ್ಲಿ 1972ರ ಕಾನೂನೊಂದು, ಸರ್ಕಾರದ ಹಣ ಪಡೆಯುವ ವಿದ್ಯಾಸಂಸ್ಥೆಗಳಲ್ಲಿ ಹೆಣ್ಣು ಗಂಡೆಂಬ ಭೇದ ಕೂಡದೆಂದು ವಿಧಿಸಿತು. ಅದರಿಂದಾಗಿ ಹೆಣ್ಣುಮಕ್ಕಳ ಆಟಗಳಿಗೂ ಕಾಲೇಜುಗಳಲ್ಲಿ ವಿದ್ಯಾರ್ಥಿವೇತನಗಳು ಬೆಳೆದವು. ಅಲ್ಲಿ ಕಾಲೇಜಿನ ತರಬೇತುದಾರರೇ ಹೈಸ್ಕೂಲು ಮೈದಾನಗಳಿಗೆ ಹೋಗಿ ಆಟಗಾರ್ತಿಯರನ್ನು ಹುಡುಕುತ್ತಾರೆ. ನಮ್ಮಲ್ಲಿ ಆಟಗಾರ್ತಿಯೇ ಫೈಲು ಹಿಡಿದು ಕಾಲೇಜನ್ನು ಹುಡುಕಿಕೊಂಡು ಹೋಗಬೇಕು. ಈ ವ್ಯತ್ಯಾಸವನ್ನು ನಾನು ಆಗ ಅವರಿಗೆ ಹೇಳಲಿಲ್ಲ. ಗುರುವಾಗುವ ಆಸೆ ನನ್ನನ್ನೂ ಹಿಡಿದಿತ್ತು.

ಮೈದಾನವೆಲ್ಲಿ? ನಮ್ಮ ಬೀದಿಯ ಕೊನೆಯಲ್ಲಿ ಮೂವತ್ತು ನಲವತ್ತರ ಎರಡು ಸೈಟುಗಳು ಅಕ್ಕಪಕ್ಕದಲ್ಲಿ ಖಾಲಿ ಬಿದ್ದಿದ್ದವು. ಬೆಂಗಳೂರಿನವರಿಗೆ ಮೂವತ್ತು ನಲವತ್ತೆಂದರೆ ಜೀವನದ ಪರಮ ಪುರುಷಾರ್ಥ. ನಮಗೆ ಅದು ಭೂಮಿತಿಯ ಸಮಸ್ಯೆಯಾಯಿತು. ಸಾಫ್ಟ್‌ಬಾಲಿನಲ್ಲಿ ಒಂದು ಬೇಸಿನಿಂದ ಇನ್ನೊಂದಕ್ಕೆ 60 ಅಡಿ. ಎರಡು ಸೈಟುಗಳ ಅಗಲ ಸೇರಿದರೆ ಸರಿಯಾಗಿ 60. ಹೋಂ ಪ್ಲೇಟಿನಿಂದ ಮೊದಲನೆಯ ಬೇಸಿನವರೆಗೆ ಜಾಗ ಸಿಕ್ಕಿತು. ಅಲ್ಲಿಂದ ಎಡಕ್ಕೆ ತಿರುಗಿದರೆ ಎರಡನೆಯ ಬೇಸು ಬೀಳುವುದು ಹಿಂದಿನ ಬೀದಿಯವರ ನೀರಿನ ಸಂಪಿನ ಮೇಲೆ. ಆದ್ದರಿಂದ ನಮ್ಮ ಮೈದಾನದಲ್ಲಿ ಎರಡನೆಯ ಬೇಸೂ ಇರಲಿಲ್ಲ, ಮೂರನೆಯದೂ ಇರಲಿಲ್ಲ. ಹೆಂಗಸರ ಆಟದಲ್ಲಿ ಪಿಚರ್ ನಿಲ್ಲುವುದು 43 ಅಡಿ ದೂರದಲ್ಲಿ, ಅದಕ್ಕೇನೂ ಅಡ್ಡಿಯಿರಲಿಲ್ಲ.

ನಾಲ್ವರಿಗೆ ಗ್ಲೌಸು ಎರಡೇ. ಒಂದು ನನ್ನದು, ಇನ್ನೊಂದು ಕಾಲೇಜಿನಿಂದ ಕೇಳಿ ತಂದದ್ದು. ಮೊದಲ ತಿಂಗಳೆಲ್ಲ ಕಲಿಸಿದ್ದಕ್ಕಿಂತ ಮರೆಸಿದ್ದೇ ಹೆಚ್ಚು. ಗಲ್ಲಿ ಕ್ರಿಕೆಟ್ಟಿನಲ್ಲಿ ಬೆಳೆದವರು ಬ್ಯಾಟನ್ನು ಲೋಲಕದಂತೆ ಕೆಳಗಿನಿಂದ ಮೇಲಕ್ಕೆ ಬೀಸುತ್ತಾರೆ; ಇಲ್ಲಿ ಅಡ್ಡ ಬೀಸಬೇಕು. ಹೊಡೆದಮೇಲೆ ಬ್ಯಾಟನ್ನು ಅಲ್ಲೇ ಬಿಟ್ಟು ಓಡಬೇಕು. ಖೋ-ಖೋ ಹುಡುಗಿ ಬ್ಯಾಟನ್ನು ಮಗುವಿನಂತೆ ಅಪ್ಪಿಕೊಂಡೇ ಓಡುತ್ತಿದ್ದಳು. ಎಲ್ಲಕ್ಕಿಂತ ಕಷ್ಟವಾದದ್ದು ನೆಲಕ್ಕೆ ತಾಗಿ ಬರುವ ಚೆಂಡು. ಮಂಡಿ ಬಗ್ಗಿಸಿ, ಗ್ಲೌಸಿನ ತುದಿಯನ್ನು ಮಣ್ಣಿಗೆ ಮುಟ್ಟಿಸಿ, ಚೆಂಡು ಗ್ಲೌಸಿನೊಳಗೆ ಹೋಗುವವರೆಗೆ ಅದನ್ನೇ ನೋಡುತ್ತಿರಬೇಕು. ಎರಡೂ ಸೈಟುಗಳಲ್ಲಿ ಜಲ್ಲಿಯ ಚೂರುಗಳು ಬಿದ್ದಿದ್ದರಿಂದ ಚೆಂಡು ಎತ್ತ ನೆಗೆಯುವುದೆಂದು ಬ್ರಹ್ಮನಿಗೂ ತಿಳಿಯದು. ಅಂಥ ನೆಲದಲ್ಲಿ ಮುಖವನ್ನು ಪಕ್ಕಕ್ಕೆ ತಿರುಗಿಸಿಕೊಳ್ಳುವುದು ಮನುಷ್ಯಮಾತ್ರರ ಸಹಜ ಧರ್ಮ.

ಆಯ್ಕೆಯ ದಿನ ಏನನ್ನು ನೋಡುತ್ತಾರೆಂದು ನಮ್ಮ ನಿರ್ದೇಶಕರನ್ನೇ ಕೇಳಿದ್ದೆ. "ಹೊಡೆಯೋರು ಬೇಕಾದಷ್ಟು ಜನ ಬರ್ತಾರಮ್ಮ. ಚೆಂಡು ಕೈಬಿಟ್ಟ ಮೇಲೆ ಏನು ಮಾಡ್ತಾಳೆ ಅನ್ನೋದನ್ನ ನಾನು ನೋಡೋದು" ಎಂದರು. ಆದ್ದರಿಂದ ಚೆಂಡನ್ನು ಕೈಬಿಡುವುದನ್ನೂ ಅಭ್ಯಾಸಕ್ಕೆ ಸೇರಿಸಿದೆ. ಬಿಟ್ಟವಳು ಹಣೆ ಬಡಿದುಕೊಳ್ಳಕೂಡದು, "ಅಯ್ಯೋ" ಎನ್ನಕೂಡದು. ಹಿಂದೆ ಓಡಿ, ಎತ್ತಿ, ಎಸೆಯಬೇಕು. ಪಕ್ಕದವಳು ಕರೆಯದೆಯೇ ಬೆನ್ನಿಗೆ ಬಂದು ನಿಂತಿರಬೇಕು. ಮೂವರೂ ಇದನ್ನು ಚೆನ್ನಾಗಿ ಕಲಿತರು, ಅವಕಾಶಗಳಿಗೇನು ಕೊರತೆಯಿರಲಿಲ್ಲ.

ಪರೀಕ್ಷೆ ಮುಗಿಯಿತು. ಒಬ್ಬಳ ಮನೆಯವರು ಊರಿಗೆ ಹೋದರು. ಇನ್ನೊಬ್ಬಳು ಕಾಮರ್ಸ್ ತೆಗೆದುಕೊಂಡು ಆಟ ಬಿಟ್ಟಳು. ಖೋ-ಖೋ ಹುಡುಗಿ ಒಂದು ಖಾಸಗಿ ಕಾಲೇಜಿಗೆ ಕ್ರೀಡಾ ಕೋಟಾದ ಅರ್ಜಿ ಹಿಡಿದು ಹೋದಳು. ಜೊತೆಗೆ ನಾನೂ ಹೋಗಿದ್ದೆ. ಗ್ಲೌಸನ್ನು ಚೀಲದಲ್ಲಿಟ್ಟುಕೊಂಡೇ ಎರಡು ಗಂಟೆ ಬೆಂಚಿನ ಮೇಲೆ ಕುಳಿತೆವು. ಮೇಜಿನ ಆಚೆ ಇದ್ದವರು ಅವಳ ಫೈಲನ್ನು ತಿರುವಿ, "ಖೋ-ಖೋ, ಜಿಲ್ಲಾ ಮಟ್ಟ. ಸಾಫ್ಟ್‌ಬಾಲಿಗೆ ರಾಜ್ಯ ಮಟ್ಟದ ಸರ್ಟಿಫಿಕೇಟ್ ಎಲ್ಲಿ?" ಎಂದರು. ಇಲ್ಲವೆಂದಳು. ಫೈಲು ಹಿಂದಕ್ಕೆ ಬಂತು. ಒಂದು ಚೆಂಡನ್ನೂ ಅವಳತ್ತ ಎಸೆದು ನೋಡಲಿಲ್ಲ. ಆರು ತಿಂಗಳು ನಾನು ಅವಳಿಗೆ ಚೆಂಡು ಹಿಡಿಯುವುದನ್ನು ಕಲಿಸಿದ್ದೆ. ಕಾಗದ ಬೇಕೆಂಬುದನ್ನು ಮೊದಲ ದಿನವೇ ಹೇಳಬೇಕಾಗಿತ್ತು. ಬಸ್ಸಿನಲ್ಲಿ ಅವಳು ಅಳಲಿಲ್ಲ. "ನಿಮ್ಮ ಕಾಲೇಜಲ್ಲಿ ಫೀಸು ಎಷ್ಟಕ್ಕಾ?" ಎಂದು ಕೇಳಿದಳು. ತಾಯಿ ಹೇಗೋ ಮಾಡಿ ಕಟ್ಟಿದರು. ಹೀಗೆ ಅವಳು ನಮ್ಮ ಸರ್ಕಾರಿ ಕಾಲೇಜಿಗೆ, ಕೋಟಾದಿಂದಲ್ಲ, ಅಂಕಗಳಿಂದಲೇ ಬಂದು ಸೇರಿದಳು.

ಕಾಲೇಜು ತಂಡದ ಅಭ್ಯಾಸದ ಮೊದಲ ದಿನ. ಮೂರನೆಯ ಎಸೆತಕ್ಕೇ ಅವಳು ಬೀಸಿದ ಹೊಡೆತ ಎಲ್ಲರನ್ನೂ ದಾಟಿ ಬೇಲಿಯತ್ತ ಉರುಳಿತು. ಬ್ಯಾಟನ್ನು ಬಿಟ್ಟು ಬಾಣದಂತೆ ಓಡಿದಳು. ಮೊದಲನೆಯ ಬೇಸಿಗೆ ಹೋಗಿ ಗಕ್ಕನೆ ನಿಂತಳು. ಚೆಂಡಿನ್ನೂ ಬೇಲಿಯ ಹತ್ತಿರವೇ ಇತ್ತು. "ಓಡಮ್ಮ, ಓಡು!" ಎಂದು ನಿರ್ದೇಶಕರು ಕೂಗಿದರು. ಅವಳು ಎತ್ತ ಓಡಬೇಕೆಂದು ತಿಳಿಯದೆ ನನ್ನ ಮುಖ ನೋಡಿದಳು. ನಮ್ಮ ಮೈದಾನದಲ್ಲಿ ಅಲ್ಲಿಗೇ ಆಟ ಮುಗಿಯುತ್ತಿದ್ದಿತಲ್ಲವೆ! ಎಲ್ಲರೂ ನಕ್ಕರು. ನಾನೂ ನಕ್ಕೆನೆಂದು ಒಪ್ಪಿಕೊಳ್ಳಬೇಕು.

ಒಂದು ವಾರದಲ್ಲಿ ನಗುವವರು ಯಾರೂ ಉಳಿಯಲಿಲ್ಲ. ಖೋ-ಖೋದಲ್ಲಿ ಹಿಂಬಾಲಿಸುವವಳನ್ನು ತಪ್ಪಿಸಿಕೊಂಡು ತಿರುಗಿದ ಕಾಲುಗಳಿಗೆ ಬೇಸಿನ ಮೂಲೆಯಲ್ಲಿ ತಿರುಗುವುದು ಏನು ದೊಡ್ಡದು? ನಿರ್ದೇಶಕರು ಅವಳನ್ನು ಅಲ್ಲಿ ಇಲ್ಲಿ ನಿಲ್ಲಿಸಿ ನೋಡಿ, ಕೊನೆಗೆ ಶಾರ್ಟ್‌ಸ್ಟಾಪಿನಲ್ಲಿ ನಿಲ್ಲಿಸಿದರು. ನನ್ನನ್ನು ಕರೆದು, "ನೀನೂ ಅಲ್ಲೇ ಸರದಿಯ ಮೇಲೆ ಆಡಮ್ಮ. ಆಯ್ಕೆಯ ದಿನ ನೋಡೋಣ" ಎಂದರು.

ಅವಳ ದೋಷವೊಂದು ನನಗೆ ಗೊತ್ತಿತ್ತು. ಚೆಂಡು ವೇಗವಾಗಿ ನೆಲಕ್ಕೆ ತಾಗಿ ಬಂದಾಗ, ಗ್ಲೌಸಿಗೆ ಸೇರುವ ಕ್ಷಣದಲ್ಲಿ ಅವಳು ಮುಖ ತಿರುಗಿಸುತ್ತಿದ್ದಳು. ಜಲ್ಲಿಯ ನೆಲ ಕಲಿಸಿದ ಚಾಳಿ. ಕಾಲೇಜಿನ ಸಮತಟ್ಟಾದ ನೆಲದಲ್ಲಿ ಹತ್ತಕ್ಕೆ ಒಂಬತ್ತು ಸಲ ಚೆಂಡು ತಾನಾಗಿಯೇ ಗ್ಲೌಸಿಗೆ ಬಂದು ಬೀಳುತ್ತಿದ್ದುದರಿಂದ ನಿರ್ದೇಶಕರ ಕಣ್ಣಿಗೆ ಬಿದ್ದಿರಲಿಲ್ಲ. ಎದುರು ನಿಂತು ಆರು ತಿಂಗಳು ಎಸೆದವಳು ನಾನು; ನನಗೆ ಕಾಣದಿರುತ್ತದೆಯೆ? ಆಯ್ಕೆಗೆ ಎಂಟು ದಿನಗಳಿದ್ದವು. ದಿನವೂ ಮೆಟ್ರೋದಲ್ಲಿ ಒಟ್ಟಿಗೆ ಬರುತ್ತಿದ್ದೆವು. ಸಿನಿಮಾ, ಪರೀಕ್ಷೆ, ಅವಳ ತಾಯಿಯ ಹೊಲಿಗೆ ಯಂತ್ರ, ಎಲ್ಲದರ ಮಾತೂ ಆಯಿತು. ಈ ಒಂದು ಮಾತನ್ನು ನಾನು ಆಡಲಿಲ್ಲ. ಹೇಳಬೇಕೆಂದು ನೆನಪಾಗಲಿಲ್ಲವೆಂದು ಬರೆದರೆ ಸುಳ್ಳಾಗುತ್ತದೆ. ಬೆನ್ನಿಗಾನಹಳ್ಳಿ ಸ್ಟೇಷನ್ ಬಂದಾಗಲೆಲ್ಲ ನೆನಪಾಗುತ್ತಿತ್ತು, ಇನ್ನೊಂದೇ ಸ್ಟೇಷನ್ ಇದೆ ಎಂದು.

ಆಯ್ಕೆಯ ಹಿಂದಿನ ಸಂಜೆ ಅವಳೇ ಮನೆಗೆ ಬಂದಳು. ನಮ್ಮ ಸೈಟುಗಳಲ್ಲಿ ಒಂದಕ್ಕೆ ಗುದ್ದಲಿಪೂಜೆಯಾಗಿ ಪಾಯ ತೋಡಿದ್ದರು. ಉಳಿದ ಮೂವತ್ತು ಅಡಿಯಲ್ಲಿ, "ಒಂದು ಹತ್ತು ಚೆಂಡು ಹಾಕಕ್ಕಾ" ಎಂದಳು. ಹಾಕಿದೆ. ನಾಲ್ಕನೆಯ ಚೆಂಡಿಗೆ ಅವಳು ಮುಖ ತಿರುಗಿಸಿದಳು. ಆಗ ಹೇಳಿದೆ. "ಯಾವಾಗಿಂದ ಹೀಗೆ ಮಾಡ್ತಿದೀನಿ?" ಎಂದು ಕೇಳಿದಳು. "ಈಗ ನೋಡಿದೆ" ಎಂದೆ. ಕತ್ತಲಾಗುವವರೆಗೆ ಎಸೆದೆ, ಆದರೆ ಆರು ತಿಂಗಳ ಚಾಳಿ ಒಂದು ಸಂಜೆಗೆ ಹೋಗುವುದೆ?

ಮರುದಿನದ ಪಟ್ಟಿಯಲ್ಲಿ ಶಾರ್ಟ್‌ಸ್ಟಾಪ್ ಅವಳದು. ನನ್ನ ಹೆಸರು ಹನ್ನೆರಡನೆಯದು, ಮೀಸಲು.

ಅಂತರ ಕಾಲೇಜು ಪಂದ್ಯದ ದಿನ ನಾನು ಬೆಂಚಿನ ಮೇಲಿದ್ದೆ. ನನ್ನ ಗ್ಲೌಸು ಅವಳ ಕೈಯಲ್ಲಿತ್ತು. ಮೂರನೆಯ ಇನಿಂಗ್ಸಿನಲ್ಲಿ ಎದುರು ತಂಡದವಳೊಬ್ಬಳು ಹೊಡೆದ ಚೆಂಡು ನೇರವಾಗಿ ಅವಳತ್ತ ಬಂತು. ಅವಳ ಮುಖ ಪಕ್ಕಕ್ಕೆ ತಿರುಗಿತು, ಚೆಂಡು ಗ್ಲೌಸಿನ ಅಡಿಯಲ್ಲಿ ನುಸುಳಿ ಹೋಯಿತು. ಇಬ್ಬರು ಓಡಿ ಮನೆ ಸೇರಿದರು. ಚೆಂಡು ಬಿಟ್ಟಮೇಲೆ ಅವಳು ಹಿಂದೆ ಓಡಿ, ಎತ್ತಿ, ಎಸೆದಳು, ಹಣೆ ಬಡಿದುಕೊಳ್ಳಲಿಲ್ಲ. ಮುಂದಿನ ಚೆಂಡಿಗೂ ಹಾಗೆಯೇ ಆಯಿತು. ನಿರ್ದೇಶಕರು ನನ್ನತ್ತ ಕೈಮಾಡಿದರು.

ಈ ಆಟದ ನಿಯಮಗಳಲ್ಲಿ ನನಗೆ ಬಹಳ ಹಿಡಿಸಿದ್ದೊಂದಿದೆ. ಮೊದಲು ಕಣಕ್ಕಿಳಿದವಳನ್ನು ಹೊರಗೆ ಕರೆದರೂ ಒಂದು ಸಲ ಅವಳು ತನ್ನ ಸರದಿಗೇ ಮರಳಿ ಬರಬಹುದು. ಟೋಕಿಯೋ ಒಲಿಂಪಿಕ್ಸಿನ 2021ರ ಫೈನಲಿನಲ್ಲಿ ಜಪಾನಿನ ಯುಕಿಕೋ ಉಎನೋ ಹಾಗೆಯೇ ಹೊರಗೆ ಹೋಗಿ, ಕೊನೆಯ ಇನಿಂಗ್ಸಿಗೆ ಮರಳಿ ಬಂದು ಅಮೆರಿಕದ ವಿರುದ್ಧ ಚಿನ್ನ ಗೆಲ್ಲಿಸಿದಳು. ಅದೇ ಉಎನೋ 2008ರಲ್ಲಿ ಬೀಜಿಂಗಿನಲ್ಲಿ ಎರಡು ದಿನಗಳ ಮೂರು ಪಂದ್ಯಗಳಲ್ಲಿ 413 ಎಸೆತಗಳನ್ನು ಎಸೆದವಳು. ಇದನ್ನೆಲ್ಲ ಮೆಟ್ರೋದಲ್ಲಿ ಅವಳಿಗೆ ಹೇಳಿದ್ದೆ. ಇಂಥ ಕಥೆಗಳನ್ನು ಹೇಳುವುದು ಸುಲಭ.

ನಾನು ಎರಡು ಇನಿಂಗ್ಸ್ ಆಡಿದೆ. ತಪ್ಪಿಲ್ಲದೆ ಆಡಿದೆ, ವಿಶೇಷವಾಗಿಯೂ ಅಲ್ಲ. ನಮ್ಮ ಬ್ಯಾಟಿಂಗ್ ಸರದಿಯಲ್ಲಿ ಬೆಂಚಿಗೆ ಬಂದಾಗ ಅವಳ ಪಕ್ಕ ಕುಳಿತು, "ಒಂದು ವಾರ ಮುಂಚೆಯೇ ನೋಡಿದ್ದೆ, ಹೇಳಲಿಲ್ಲ" ಎಂದೆ. ಅವಳು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ಗೊತ್ತಾಯ್ತು ಬಿಡಕ್ಕಾ, ಆ ಸಾಯಂಕಾಲಾನೇ" ಎಂದಳು.

ಆರನೆಯ ಇನಿಂಗ್ಸಿಗೆ ನಾನೇ ನಿರ್ದೇಶಕರ ಹತ್ತಿರ ಹೋಗಿ, ಅವಳನ್ನು ಒಳಗೆ ಕಳಿಸಿ ಸಾರ್ ಎಂದೆ. ಅವರು ನನ್ನನ್ನು ಒಮ್ಮೆ, ಅವಳನ್ನು ಒಮ್ಮೆ ನೋಡಿ ತಲೆಯಾಡಿಸಿದರು. ಪಂದ್ಯವನ್ನು ನಾವು ಸೋತೆವು, 4ಕ್ಕೆ 6. ಆದರೆ ಅವಳು ಎದ್ದು ನಿಂತಾಗ ಅದಿನ್ನೂ ತೀರ್ಮಾನವಾಗಿರಲಿಲ್ಲ. ಗ್ಲೌಸನ್ನು ಕಳಚಿ ಅವಳಿಗೆ ಕೊಟ್ಟೆ. ಒಳಗೆಲ್ಲ ನನ್ನ ಬೆವರು. ಅವಳು ಅದನ್ನು ಲಂಗೋಟಿಯಂತೆ ಒಮ್ಮೆ ಜಾಡಿಸಿ, ಕೈಗೆ ಏರಿಸಿಕೊಂಡು, ಎರಡನೆಯ ಬೇಸಿನ ಕಡೆಗೆ ಓಡಿದಳು.